ಎಚ್‌ಡಿಎಂಐ ಹಾಕಿದ ಮೇಲೆ ಕಪ್ಪು ಬಣ್ಣ ಬೂದಿ ಥರ ಕಾಣುತ್ತಿದೆ (ಲಿನಕ್ಸ್ ಮಿಂಟ್)

ಲಗ್ನಪತ್ರಿಕೆ_ಡಿಸೈನರ್:
ನಮಸ್ಕಾರ. ನಾನು ಲಗ್ನಪತ್ರಿಕೆ, ಬ್ಯಾನರ್ ಡಿಸೈನ್ ಮಾಡುವವನು. ಇಂಕ್‌ಸ್ಕೇಪ್ ಮತ್ತು ಗಿಂಪ್ ಅನ್ನೋ ಚಿತ್ರ ಬಿಡಿಸುವ, ತಿದ್ದುವ ಸಾಫ್ಟ್‌ವೇರ್ ಬಳಸುತ್ತೇನೆ, ವಿಂಡೋಸ್ ಬದಲು ಲಿನಕ್ಸ್ ಮಿಂಟ್‌ನಲ್ಲಿ, ಸಿನಮನ್ ಡೆಸ್ಕ್‌ಟಾಪ್. ಬೇರೆ ಕಾರ್ಡ್ ಹಾಕಿಲ್ಲ, ಇಂಟೆಲ್ ಪ್ರೊಸೆಸರ್ ಜೊತೆ ಬರುವ ಗ್ರಾಫಿಕ್ಸೇ. ಹಳೇ ಮಾನಿಟರ್ ವಿಜಿಎ ಕೇಬಲ್‌ನದು, ಅದು ಸತ್ತಿತು, ಬೆಂಗಳೂರಿನ ಎಸ್.ಪಿ. ರೋಡಿನಿಂದ ಒಂದು ಸೆಕೆಂಡ್ ಹ್ಯಾಂಡ್ ತಂದು ಎಚ್‌ಡಿಎಂಐ ಹಾಕಿದೆ. ಅವತ್ತಿನಿಂದ ಕುಂಕುಮದ ಕೆಂಪು ಬಣ್ಣ ಬಿಟ್ಟ ಸೀರೆ ಥರ ಕಾಣುತ್ತಿದೆ, ಕಪ್ಪು ಅಂತೂ ಒಲೆ ಬೂದಿ. ಮಾನಿಟರೇ ಹೀಗೆ ಇರಬೇಕು ಅಂತ ನಾನು ಗಿಂಪ್‌ನಲ್ಲಿ ಕಾಂಟ್ರಾಸ್ಟ್ ಏರಿಸಿ ಏರಿಸಿ ಫೈಲ್ ಕಳಿಸಿದೆ. ಪ್ರೆಸ್‌ನವರು "ಏನ್ ಸಾರ್, ಇಷ್ಟು ಕಪ್ಪಗೆ ಕೊಟ್ಟಿದ್ದೀರಿ" ಅಂದರು, ಅಷ್ಟರಲ್ಲಿ 200 ಕಾರ್ಡು ಅಚ್ಚಾಗಿ ಹೋಗಿತ್ತು. ದುಡ್ಡು ನನ್ನ ಜೇಬಿನದೇ. ಅದೇ ಫೈಲ್ ಮೊಬೈಲಿನಲ್ಲಿ ನೋಡಿದರೆ ಪ್ರಿಂಟ್‌ನಲ್ಲಿ ಬಂದ ಹಾಗೇ ಕಾಣುತ್ತದೆ. ಡ್ರೈವರ್ ಏನಾದರೂ ಹಾಕಬೇಕಾ?

ಟರ್ಮಿನಲ್_ರಾಯ:
ಕೇಬಲ್ ಬದಲಿಸಿ ನೋಡಿ ಗುರುಗಳೇ. ನಮ್ಮನೆಯಲ್ಲಿ ಒಮ್ಮೆ ಸ್ಕ್ರೀನ್ ಪೂರ್ತಿ ಹಳದಿ ಆಗಿತ್ತು, ನೋಡಿದರೆ ಪಿನ್ ಬಗ್ಗಿತ್ತು.

ಹಳೇ_ಪೆಂಟಿಯಮ್:
ರಾಯರೇ, ಅದು ವಿಜಿಎ ಕಥೆ. ವಿಜಿಎಯಲ್ಲಿ 1ನೇ ಪಿನ್ ಕೆಂಪು, 2 ಹಸಿರು, 3 ನೀಲಿ. ನೀಲಿ ಕಡಿದರೆ ಹಳದಿ ಬರುತ್ತದೆ. ಎಚ್‌ಡಿಎಂಐ ಡಿಜಿಟಲ್, ಕೇಬಲ್ ಕೆಟ್ಟರೆ ಚುಕ್ಕೆ ಮಿಣುಗುತ್ತವೆ ಅಥವಾ ಚಿತ್ರವೇ ಬರುವುದಿಲ್ಲ, ಹೀಗೆ ಒಂದೇ ಸಮ ಮಂಕಾಗುವುದಿಲ್ಲ.

ಡಿಸೈನರ್ ಸರ್, ಡ್ರೈವರ್ ಹಾಕಬೇಡಿ. ಇಂಟೆಲ್ ಡ್ರೈವರ್ ಕರ್ನಲ್ (ಲಿನಕ್ಸ್‌ನ ತಿರುಳು) ಒಳಗೇ ಇದೆ. ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 1920×1080 ತೆಗೆದು 1680×1050 ಇಡಿ. ಅಕ್ಷರ ಸ್ವಲ್ಪ ಮಸುಕಾಗುತ್ತದೆ, ಇರಲಿ, ಕಪ್ಪು ಸರಿಯಾಯಿತಾ ಅಂತ ಮಾತ್ರ ನೋಡಿ ಹೇಳಿ.

ಲಗ್ನಪತ್ರಿಕೆ_ಡಿಸೈನರ್:
ಅಯ್ಯೋ, ಸರಿಯಾಯಿತು! ಕಪ್ಪು ಕಪ್ಪಾಗೇ ಬಂತು. ವಾಪಸ್ 1080 ಇಟ್ಟರೆ ಮತ್ತೆ ಬೂದಿ. ಇದೇನು ಮಾಯೆ?

ಹಳೇ_ಪೆಂಟಿಯಮ್:
ಮಾಯೆ ಏನಿಲ್ಲ, ಟಿವಿ ಕಾಲದ ಪದ್ಧತಿ. ಕಂಪ್ಯೂಟರ್ ಪ್ರತಿ ಬಣ್ಣವನ್ನೂ ಸೊನ್ನೆಯಿಂದ 255ರವರೆಗೆ ಎಣಿಸುತ್ತದೆ. ಟಿವಿ ಲೋಕದಲ್ಲಿ ಕಪ್ಪು ಅಂದರೆ 16, ಬಿಳಿ ಅಂದರೆ 235. 1280×720, 1920×1080 ಇವೆಲ್ಲ ಟಿವಿ ಪಟ್ಟಿಯಲ್ಲಿರುವ ಮೋಡ್‌ಗಳು, ಇವಕ್ಕೆ ಚಿಕ್ಕ ವ್ಯಾಪ್ತಿಯಲ್ಲೇ ಕಳಿಸಬೇಕು ಅಂತ ನಿಯಮ (640×480 ಒಂದಕ್ಕೆ ವಿನಾಯಿತಿ). ಡ್ರೈವರ್ ಆಟೊಮ್ಯಾಟಿಕ್‌ನಲ್ಲಿದ್ದಾಗ ಆ ನಿಯಮವನ್ನು ಪಾಲಿಸುತ್ತದೆ, ಅದರ ತಪ್ಪಿಲ್ಲ. ನಿಮ್ಮ ಮಾನಿಟರ್ ಮಾತ್ರ ಪೂರ್ತಿ ವ್ಯಾಪ್ತಿ ಬರುತ್ತದೆ ಅಂತ ಕಾದು ಕೂತಿದೆ. 16 ಬಂದರೆ ಅದಕ್ಕೆ ಗಾಢ ಬೂದಿ, 235 ಬಂದರೆ ಕೊಳೆ ಬಿಳಿ. 1680×1050 ಟಿವಿ ಪಟ್ಟಿಯಲ್ಲಿಲ್ಲ, ಅದಕ್ಕೇ ಅಲ್ಲಿ ಸರಿ ಬಂತು.

ಈಗ ಮಾಡಬೇಕಾದದ್ದು ಇಷ್ಟೇ. ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಪರದೆಯ ಸೆಟ್ಟಿಂಗ್ ನೋಡುವ, ಬದಲಿಸುವ ಎಕ್ಸ್‌ರ್ಯಾಂಡರ್ ಕಮಾಂಡ್‌ಗೆ "ಪ್ರಾಪ್" ಆಯ್ಕೆ ಕೊಟ್ಟು ಓಡಿಸಿ (ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷಿನಲ್ಲೇ ಟೈಪ್ ಮಾಡಿಕೊಳ್ಳಿ). ಎಚ್‌ಡಿಎಂಐ-1 ಅಥವಾ ಅಂಥದೇ ಹೆಸರಿನ ಕೆಳಗೆ "ಬ್ರಾಡ್‌ಕಾಸ್ಟ್ ಆರ್‌ಜಿಬಿ" ಅಂತ ಒಂದು ಸಾಲು ಸಿಗುತ್ತದೆ. ಅದೇ ಎಕ್ಸ್‌ರ್ಯಾಂಡರ್‌ಗೆ ಔಟ್‌ಪುಟ್ ಹೆಸರು ಕೊಟ್ಟು, "ಸೆಟ್" ಆಯ್ಕೆಯಿಂದ ಆ ಸಾಲಿನ ಬೆಲೆಯನ್ನು "ಫುಲ್" ಮಾಡಿ. ಬ್ರಾಡ್‌ಕಾಸ್ಟ್ ಆರ್‌ಜಿಬಿ ಎರಡು ಪದ, ಕೋಟ್ ಹಾಕಿ, ಇಲ್ಲದಿದ್ದರೆ ಎರರ್ ಬರುತ್ತದೆ. ಕಂಪ್ಯೂಟರ್ ಆಫ್ ಮಾಡಿದರೆ ಇದು ಹೋಗಿಬಿಡುತ್ತದೆ, ಹಾಗಾಗಿ ಸ್ಟಾರ್ಟಪ್ ಅಪ್ಲಿಕೇಶನ್ಸ್‌ನಲ್ಲಿ ಆ ಕಮಾಂಡನ್ನೇ ಸೇರಿಸಿ, ಐದಾರು ಸೆಕೆಂಡ್ ತಡ ಕೊಡಿ.

ಮಾನಿಟರ್ ಮೆನುವಿನಲ್ಲಿ ಬ್ಲ್ಯಾಕ್ ಲೆವೆಲ್ ಅಂತ ಇದ್ದರೆ ಅದನ್ನು ಈಗ ಮುಟ್ಟಬೇಡಿ. ಎರಡೂ ಕಡೆ ತಿರುಗಿಸಿದರೆ ಉಲ್ಟಾ ಆಗುತ್ತದೆ, ಕಪ್ಪು ಸೀರೆಯ ನೆರಿಗೆಯೇ ಕಾಣುವುದಿಲ್ಲ.

ಕರ್ನಲ್_ಕಾಮತ್:
ಒಂದು ಮಾತು ಸೇರಿಸುತ್ತೇನೆ. ಇದು ಎಕ್ಸಾರ್ಗ್‌ಗೆ ಮಾತ್ರ (ಲಿನಕ್ಸ್‌ನಲ್ಲಿ ಪರದೆಗೆ ಚಿತ್ರ ಮೂಡಿಸುವ ಹಳೇ ವ್ಯವಸ್ಥೆ ಎಕ್ಸಾರ್ಗ್, ಹೊಸದು ವೇಲ್ಯಾಂಡ್). ವೇಲ್ಯಾಂಡ್‌ನಲ್ಲಿ ಎಕ್ಸ್‌ರ್ಯಾಂಡರ್‌ನಿಂದ ಇದನ್ನು ಬದಲಿಸಲು ಆಗುವುದಿಲ್ಲ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಸಿನಮನ್ ಥರದ್ದೇ ಇನ್ನೊಂದು ಡೆಸ್ಕ್‌ಟಾಪ್ ಕೆಡಿಇ ಪ್ಲಾಸ್ಮಾದಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲೇ ಆರ್‌ಜಿಬಿ ರೇಂಜ್ ಸಿಗುತ್ತದೆ. ಎನ್‌ವಿಡಿಯಾ ಕಾರ್ಡ್ ಇರುವವರಿಗೆ ಎನ್‌ವಿಡಿಯಾ ಸೆಟ್ಟಿಂಗ್ಸ್‌ನಲ್ಲಿ ಕಲರ್ ರೇಂಜ್ ಅಂತ ಇರುತ್ತದೆ.

ಇನ್ನೊಂದು, ಇಂಥ ತೊಂದರೆ ಬಂದಾಗ ಜನ ಸ್ಕ್ರೀನ್‌ಶಾಟ್ ತೆಗೆದು ಹಾಕುತ್ತಾರಲ್ಲ, ಅದರಿಂದ ಏನೂ ಗೊತ್ತಾಗುವುದಿಲ್ಲ. ಸ್ಕ್ರೀನ್‌ಶಾಟ್‌ನಲ್ಲಿ ಬರುವುದು ಕೇಬಲ್‌ಗೆ ಹೋಗುವ ಮುಂಚಿನ ಬಣ್ಣ. ಸ್ಕ್ರೀನ್‌ಶಾಟನ್ನು ಬೇರೆ ಕಡೆ ನೋಡಿದಾಗ ಸರಿ ಕಂಡರೆ, ಕೆಟ್ಟಿರುವುದು ಆಮೇಲಿನ ದಾರಿಯಲ್ಲಿ ಅಂತ ಅರ್ಥ. ರಾತ್ರಿ ಹೊತ್ತು ಪರದೆಯನ್ನು ಹಳದಿ ಮಾಡುವ ರೆಡ್‌ಶಿಫ್ಟ್ ಸಾಫ್ಟ್‌ವೇರ್ ಕೂಡ ಆ ದಾರಿಯಲ್ಲೇ ಕೂತಿರುತ್ತದೆ. ಡಿಸೈನ್ ಮಾಡುವಾಗ ಅದು ಆಫ್ ಇದೆಯಾ ನೋಡಿಕೊಳ್ಳಿ, ಸಂಜೆ ಆದರೆ ಬಿಳಿಯೆಲ್ಲ ಅರಿಶಿನ ಆಗಿರುತ್ತದೆ.

ಲಗ್ನಪತ್ರಿಕೆ_ಡಿಸೈನರ್:
ಫುಲ್ ಮಾಡಿದೆ, ಕಣ್ಣೆದುರೇ ಪರದೆ ಸರಿದ ಹಾಗೆ ಆಯಿತು. ಸ್ಟಾರ್ಟಪ್‌ನಲ್ಲೂ ಸೇರಿಸಿದೆ, ಎರಡು ಸಲ ರೀಸ್ಟಾರ್ಟ್ ಮಾಡಿ ನೋಡಿದೆ, ನಿಂತಿದೆ. ಬಹಳ ಥ್ಯಾಂಕ್ಸ್ ಪೆಂಟಿಯಮ್ ಸರ್, ಕಾಮತರೇ.

ಆದರೆ ಈಗ ಬೇರೆ ತಲೆನೋವು. ಈ ಒಂದು ತಿಂಗಳಲ್ಲಿ ಮಾಡಿದ ಫೈಲುಗಳೆಲ್ಲ ಇದ್ದಿಲ ಥರ ಕಾಣುತ್ತಿವೆ, ಎಲ್ಲಕ್ಕೂ ನಾನೇ ಕಾಂಟ್ರಾಸ್ಟ್ ಏರಿಸಿದ್ದೆನಲ್ಲ. ಮೂರು ಪಾರ್ಟಿಗಳದು ಭಾನುವಾರದೊಳಗೆ ಪ್ರೆಸ್‌ಗೆ ಹೋಗಬೇಕು, ಈಗ ಕೂತು ಇಳಿಸುತ್ತಿದ್ದೇನೆ. ಗಣಪತಿ ಮಾತ್ರ ಇನ್ನೂ ಸ್ವಲ್ಪ ಕಿತ್ತಳೆ ಇದ್ದಾನೆ ಅಂತ ಮನೆಯವಳು ಹೇಳುತ್ತಿದ್ದಾಳೆ. ಅದಕ್ಕೆ ಮಾನಿಟರ್ ಕಾರಣ ಅಲ್ಲ, ನಾನೇ ಹಾಗೆ ಬಣ್ಣ ಹಾಕಿದ್ದು.

ಟರ್ಮಿನಲ್_ರಾಯ:
ಆದರೂ ಒಂದು ಕೇಬಲ್ ಎಕ್ಸ್‌ಟ್ರಾ ಇಟ್ಟುಕೊಂಡಿರಿ.