ರೂಮ್ ಬದಲಾದರೆ ಆಪರೇಷನ್ ದರವೂ ಏರುವುದೇಕೆ?

ಪ್ರಶ್ನೆ | ಹಾಸನದ_ಓದುಗ

5 ಲಕ್ಷದ ಆರೋಗ್ಯ ವಿಮೆ, ರೂಮ್ ಬಾಡಿಗೆ ಮಿತಿ ವಿಮಾ ಮೊತ್ತದ ಶೇ 1, ಅಂದರೆ ದಿನಕ್ಕೆ 5,000 ರೂ. 8,000 ರೂಪಾಯಿಯ ರೂಮ್ ಹಿಡಿದರೆ ಮೇಲಿನ 3,000 ಮಾತ್ರ ಕೈಯಿಂದ ಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಆದರೆ ಸರ್ಜನ್ ಫೀಸು, ಓಟಿ (ಆಪರೇಷನ್ ಥಿಯೇಟರ್) ಚಾರ್ಜಿಗೂ ಕತ್ತರಿ ಬೀಳುತ್ತದೆ. ರೂಮಿಗೂ ಆಪರೇಷನ್‌ಗೂ ಏನು ಸಂಬಂಧ? ಈ ಕಡಿತ ಎಷ್ಟರ ಮಟ್ಟಿಗೆ ಸರಿ?

ಉತ್ತರ | ಕ್ಲೇಮ್_ಲೆಕ್ಕ

ಸಂಬಂಧ ಇರುವುದು ಆಸ್ಪತ್ರೆಯ ದರಪಟ್ಟಿಯಲ್ಲಿ. ಅದೇ ಸರ್ಜನ್, ಅದೇ ಥಿಯೇಟರ್ ಆದರೂ ಜನರಲ್ ವಾರ್ಡ್, ಶೇರಿಂಗ್, ಸಿಂಗಲ್, ಡೀಲಕ್ಸ್‌ಗೆ ಬೇರೆ ಬೇರೆ ದರ ಹಾಕುವ ಆಸ್ಪತ್ರೆಗಳೇ ಹೆಚ್ಚು. ನಿಮ್ಮ ಅರ್ಹತೆಯ ರೂಮಿನ ದರದಷ್ಟೇ ಕೊಡುತ್ತೇವೆ ಎನ್ನುವುದು ವಿಮಾ ಕಂಪನಿಯ ವಾದ. ಹಾಗಾಗಿ 5,000 ಭಾಗಿಸು 8,000, ಶೇ 62.5. ಅಂಥ ಖರ್ಚಿನಲ್ಲಿ ಅಷ್ಟು ಪಾಲು ಮಾತ್ರ ಸಿಗುತ್ತದೆ.

ಉದಾಹರಣೆಗೆ 4 ದಿನದ ರೂಮ್ 32,000. ಸರ್ಜನ್, ಓಟಿ, ನರ್ಸಿಂಗ್ ಸೇರಿ 1,20,000. ಔಷಧಿ, ಇಂಪ್ಲಾಂಟ್ (ದೇಹದೊಳಗೆ ಕೂರಿಸುವ ಸಾಧನ), ಟೆಸ್ಟ್ 80,000. ಒಟ್ಟು 2,32,000. ರೂಮಿಗೆ 20,000, ಎರಡನೆಯದಕ್ಕೆ 75,000 ಸಿಗುತ್ತದೆ. ಕೊನೆಯ 80,000ಕ್ಕೆ ಕೈ ಹಚ್ಚುವಂತಿಲ್ಲ: ಔಷಧಿ, ಕನ್ಸ್ಯೂಮಬಲ್ಸ್ (ಬಳಸಿ ಎಸೆಯುವ ಸಾಮಗ್ರಿ), ಇಂಪ್ಲಾಂಟ್, ಟೆಸ್ಟ್‌ಗಳಿಗೆ ಈ ಅನುಪಾತದ ಕಡಿತ ಹಾಕಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2020ರಲ್ಲೇ ಹೇಳಿದೆ. ಐಸಿಯು ಚಾರ್ಜಿಗೂ ಇಲ್ಲ. ರೂಮಿನ ಮೇಲೆ ದರ ಬದಲಿಸದ ಆಸ್ಪತ್ರೆಯಾದರೆ ಉಳಿದ ಖರ್ಚಿಗೆ ಈ ಕಡಿತವೇ ಅನ್ವಯಿಸದು.

ಆದ್ದರಿಂದ ಸರಿಯಾದ ಕಡಿತ 57,000. ಇಡೀ ಬಿಲ್ಲಿಗೆ ಶೇ 62.5ರಂತೆ ಮಾತ್ರ ಕೊಟ್ಟಿದ್ದರೆ ಕಡಿತ 87,000 ಆಗುತ್ತದೆ. ಆ 30,000 ನಿಮ್ಮ ಹಕ್ಕಿನ ದುಡ್ಡು. ಈ ತಪ್ಪು ಆಗುವುದು ಹೆಚ್ಚಾಗಿ ಬಿಲ್ಲಿನಲ್ಲಿ ‘ಪ್ಯಾಕೇಜ್’ ಅಂತ ಒಂದೇ ಸಾಲು ಇದ್ದಾಗ. ಒಳಗೆ ಔಷಧಿ ಎಷ್ಟು, ಇಂಪ್ಲಾಂಟ್ ಎಷ್ಟು ಅಂತ ಕಾಣದಿದ್ದರೆ ಎಲ್ಲಕ್ಕೂ ಒಂದೇ ಕತ್ತರಿ.

ಉತ್ತರ | ಅರ್ಥಶಾಸ್ತ್ರ_ಮೇಷ್ಟ್ರು

ಮೇಲಿನ ಲೆಕ್ಕ ಸರಿ. ಆದರೆ ಖರ್ಚು ಏರಿಸುವ ಮೂಲ ಆ ದರಪಟ್ಟಿಯೇ. ಚಿಕಿತ್ಸೆ ಬೇಕೋ ಬೇಡವೋ, ಯಾವುದು ಸಾಕು ಎಂಬುದು ರೋಗಿಗೆ ಗೊತ್ತಿರುವುದಿಲ್ಲ. ಅದನ್ನು ತಿಳಿದವರೇ ಮಾರುವವರು. ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲಿ ಬರೆದದ್ದು ಇದನ್ನೇ. ಎದೆನೋವಿನಲ್ಲಿ ಬಂದವರು ನಾಲ್ಕು ಆಸ್ಪತ್ರೆ ಸುತ್ತಿ ಚೌಕಾಸಿ ಮಾಡಲಾರರು.

ಒಂದು ವಸ್ತುವಿನ ಬೆಲೆ ಹಿಡಿದರೆ ಸಾಲದು ಎಂಬುದಕ್ಕೆ ಹೃದಯದ ರಕ್ತನಾಳ ತೆರೆದಿಡಲು ಹಾಕುವ ಸ್ಟೆಂಟ್ ನೋಡಿ. 2017ರ ಫೆಬ್ರುವರಿಯಲ್ಲಿ ಔಷಧ ಲೇಪಿತ ಸ್ಟೆಂಟಿಗೆ 29,600 ರೂ. ಗರಿಷ್ಠ ಬೆಲೆ ನಿಗದಿಯಾಯಿತು. ಆದರೆ ಸ್ಟೆಂಟ್ ಹಾಕುವ ಚಿಕಿತ್ಸೆಯಾದ ಆಂಜಿಯೋಪ್ಲಾಸ್ಟಿಯ ಪ್ರೊಸೀಜರ್ ಚಾರ್ಜಿಗೆ ಆ ಆದೇಶದಲ್ಲಿ ಮಿತಿಯೇ ಇರಲಿಲ್ಲ. ಒಟ್ಟು ಬಿಲ್ಲಿಗೆ ಒಂದೇ ದರ ಕಟ್ಟುವ ತನಕ ಒಂದು ಕಡೆ ಅದುಮಿದ್ದು ಇನ್ನೊಂದು ಕಡೆ ಉಬ್ಬಲು ದಾರಿ ಇದ್ದೇ ಇರುತ್ತದೆ.

ಪ್ರಶ್ನೆ | ಹಾಸನದ_ಓದುಗ

ಧನ್ಯವಾದ ಸರ್. ಕಡಿತ ಆಗಿಹೋಗಿದ್ದರೆ?

ಉತ್ತರ | ಕ್ಲೇಮ್_ಲೆಕ್ಕ

ಆಸ್ಪತ್ರೆಯಿಂದ ಐಟಂವಾರು ಬಿಲ್ ತೆಗೆದುಕೊಳ್ಳಿ, ಪ್ಯಾಕೇಜ್ ಒಳಗಿನದ್ದನ್ನೂ ಬಿಡಿಸಿ ಕೊಡಲು ಕೇಳಿ. ಮೇಲಿನ ಲೆಕ್ಕ ಹಚ್ಚಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದದ್ದು ಸರಿಯಿಲ್ಲದಿದ್ದರೆ, ವಿಮಾ ದೂರುಗಳನ್ನು ಇತ್ಯರ್ಥಪಡಿಸುವ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಕರ್ನಾಟಕದವರಿಗೆ ಬೆಂಗಳೂರಿನಲ್ಲೇ ಕಚೇರಿ ಇದೆ. ಶುಲ್ಕವಿಲ್ಲ, ಒಂದು ವರ್ಷದ ಗಡುವು ಮಾತ್ರ ಮೀರಬಾರದು.

ಇನ್ನು ಮುಂದೆ ದಾಖಲಾಗುವವರು ಎರಡು ದರ್ಜೆಯ ರೂಮಿಗೂ ಎಸ್ಟಿಮೇಟ್ ಬರೆಸಿಕೊಳ್ಳಿ. ಐಸಿಯು ಅಲ್ಲದ ರೂಮ್ ದಿನಕ್ಕೆ 5,000 ದಾಟಿದರೆ 2022ರ ಜುಲೈನಿಂದ ಶೇ 5 ಜಿಎಸ್‌ಟಿಯೂ ಇದೆ. 8,000ಕ್ಕೆ ದಿನಕ್ಕೆ 400. ಮೇಲಿನ ಲೆಕ್ಕದಲ್ಲಿ ಅದನ್ನು ಸೇರಿಸಿಲ್ಲ.