ಹಳೆಯ ಸ್ಟಾರ್ ಟ್ರೆಕ್ ಡಿವಿಡಿ: ಪ್ರತಿ ಕಂತಿನಲ್ಲೂ 2 ನಿಮಿಷ ಕಡಿಮೆ, ಸ್ಪಾಕ್ ಧ್ವನಿ ತೆಳು. ಡಿಸ್ಕ್ ಕೆಟ್ಟಿದೆಯಾ?

ಹಾಸನದ ಹಳೇಟಿವಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನನ್ನ ತಮ್ಮ ಇಂಗ್ಲೆಂಡಿನಲ್ಲಿದ್ದಾನೆ. ಹೋದ ತಿಂಗಳು ಊರಿಗೆ ಬಂದಾಗ ಹಳೆಯ ಸ್ಟಾರ್ ಟ್ರೆಕ್‌ನ ಮೂರೂ ಸೀಸನ್ನಿನ ಡಿವಿಡಿ ಪೆಟ್ಟಿಗೆ ತಂದುಕೊಟ್ಟ. ಅಲ್ಲಿನ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಸಿಕ್ಕಿತಂತೆ. 1966ರಿಂದ 1969ರವರೆಗೆ ಅಮೆರಿಕದಲ್ಲಿ ಬಾಹ್ಯಾಕಾಶದ ಟಿವಿ ಸರಣಿ ಬಂತಲ್ಲ, ಕರ್ಕ್, ಸ್ಪಾಕ್, ಡಾಕ್ಟರ್ ಮೆಕಾಯ್ ಇರುವುದು, ಅದೇ. ನಾನು ನೋಡಿದ್ದು ಎಂಬತ್ತರ ದಶಕದಲ್ಲಿ, ದೂರದರ್ಶನದಲ್ಲಿ, ಭಾನುವಾರ ಬೆಳಿಗ್ಗೆ. ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ಎದುರುಮನೆಯ ಹಜಾರದಲ್ಲಿ ಚಾಪೆ ಹಾಸಿಕೊಂಡು ಬೀದಿಯ ಮಕ್ಕಳೆಲ್ಲ ಕೂರುತ್ತಿದ್ದೆವು. ಅವರದು ಕಪ್ಪುಬಿಳುಪು ಟಿವಿ. ಸ್ಪಾಕ್ ಹಾಕುತ್ತಿದ್ದ ಅಂಗಿ ನೀಲಿ ಅಂತ ನನಗೆ ಗೊತ್ತಾಗಿದ್ದೇ ತುಂಬಾ ವರ್ಷ ಆದಮೇಲೆ. ಇಂಗ್ಲಿಷ್ ಅಷ್ಟಾಗಿ ತಿಳಿಯುತ್ತಿರಲಿಲ್ಲ, ಆದರೆ ಅವನ ಧ್ವನಿ ಮಾತ್ರ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ಅವಸರವಿಲ್ಲದ, ತುಂಬಿದ ಧ್ವನಿ.

ಈಗ ಸಮಸ್ಯೆಗೆ ಬರುತ್ತೇನೆ.

ಮೊದಲನೆಯದು, ಡಿಸ್ಕಿನಲ್ಲಿ ಪ್ರತಿ ಕಂತೂ 48 ನಿಮಿಷ ಚಿಲ್ಲರೆ ಇದೆ. ಅದೇ ಕಂತನ್ನು ಫೋನಿನಲ್ಲಿ ಸ್ಟ್ರೀಮಿಂಗ್ ಆಪ್‌ನಲ್ಲಿ ಹಾಕಿದರೆ 50 ನಿಮಿಷ ಚಿಲ್ಲರೆ ತೋರಿಸುತ್ತೆ. ಎರಡು ನಿಮಿಷ ಎಲ್ಲಿ ಹೋಯಿತು? ಯಾವುದೋ ದೃಶ್ಯ ಕತ್ತರಿಸಿದ ಪ್ರತಿ ನನ್ನ ಕೈಗೆ ಬಂದಿದೆಯಾ?

ಎರಡನೆಯದು, ಸ್ಪಾಕ್ ಧ್ವನಿ ತೆಳುವಾಗಿದೆ. ನನಗೆ ಸುಮ್ನೆ ಅನುಮಾನ ಇತ್ತು. ಮನೆಯವರು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ. ಅಡುಗೆಮನೆಯಿಂದಲೇ "ಅದರ ಶ್ರುತಿ ಏರಿದೆ, ಫೋನಿನಲ್ಲಿ ಹೀಗಿರಲಿಲ್ಲ" ಅಂದರು. ಶೀರ್ಷಿಕೆ ಸಂಗೀತ ಕೇಳಿಯೇ ಹೇಳಿದ್ದು.

ಮೂರನೆಯದು, ಬಾಹ್ಯಾಕಾಶದ ಹಡಗು ಹಾರುವ ದೃಶ್ಯ ಬಂದರೆ ಚಿತ್ರದಲ್ಲಿ ಧೂಳು, ಕಾಳು ಕಾಳು. ಮನುಷ್ಯರಿರುವ ದೃಶ್ಯದಲ್ಲಿ ಇಲ್ಲ. ಫೋನಿನಲ್ಲಿ ಹಡಗೇ ಬೇರೆ ಥರ ಕಾಣುತ್ತೆ, ನುಣ್ಣಗೆ.

ಪ್ಲೇಯರ್ ಬದಲಾಯಿಸಿ ನೋಡಿದೆ. ಡಿಸ್ಕ್ ಮೆತ್ತನೆಯ ಬಟ್ಟೆಯಲ್ಲಿ ಒರೆಸಿದೆ. ಒಂದು ಗೀರೂ ಇಲ್ಲ. ಪ್ಲೇಯರ್ ಎಲ್ಲಾ ರೀಜನ್ (ಡಿಸ್ಕ್ ಯಾವ ದೇಶಗಳಿಗೆ ಮಾಡಿದ್ದು ಅನ್ನುವ ಗುರುತು) ಓದುತ್ತೆ, ಹಾಗಾಗಿ ಆ ತೊಂದರೆ ಇಲ್ಲ. ಬೇಕಾದರೆ ಲ್ಯಾಪ್‌ಟಾಪ್‌ಗೆ ಹೊರಗಿನ ಡಿವಿಡಿ ಡ್ರೈವ್ ಇದೆ.

ರೀಲುಪೆಟ್ಟಿಗೆ

ಸರ್, ಡಿಸ್ಕಿಗೆ ಏನೂ ಆಗಿಲ್ಲ ಅನಿಸುತ್ತೆ. ಆದರೆ ಊಹೆ ಬೇಡ, ಅಳೆದೇ ನೋಡೋಣ.

ಒಂದು ಕಂತು ಆರಿಸಿಕೊಳ್ಳಿ. ಡಿಸ್ಕಿನಲ್ಲಿ 10ನೇ ನಿಮಿಷ, 20ನೇ ನಿಮಿಷ, 40ನೇ ನಿಮಿಷದಲ್ಲಿ ಯಾವ ಮಾತು ಬರುತ್ತೆ ಬರೆದುಕೊಳ್ಳಿ. ಅದೇ ಮಾತು ಫೋನಿನಲ್ಲಿ ಎಷ್ಟು ಹೊತ್ತಿಗೆ ಬರುತ್ತೆ ನೋಡಿ. ದೃಶ್ಯ ಕತ್ತರಿಸಿದ್ದರೆ ವ್ಯತ್ಯಾಸ ಒಂದೇ ಕಡೆ ದಢಕ್ಕಂತ ಜಿಗಿಯುತ್ತೆ. ವೇಗದ ವಿಷಯವಾಗಿದ್ದರೆ ಸ್ವಲ್ಪ ಸ್ವಲ್ಪವೇ ಏರುತ್ತಾ ಹೋಗುತ್ತೆ.

ಇನ್ನೊಂದು ಮಾತು. ಡಿವಿಡಿ ಡ್ರೈವಿಗೆ ಹಾಕಿದಾಗ ವಿಂಡೋಸ್ "ರೀಜನ್ ಬದಲಾಯಿಸಲಾ" ಅಂತ ಕೇಳಬಹುದು. ಹೂಂ ಅನ್ನಬೇಡಿ. ಬ್ರಿಟನ್ನಿನ ಡಿಸ್ಕ್ ರೀಜನ್ 2, ನಮ್ಮ ದೇಶದ್ದು ರೀಜನ್ 5. ಡ್ರೈವ್ ಐದು ಸಲ ಮಾತ್ರ ಬದಲಾಯಿಸೋಕೆ ಬಿಡುತ್ತೆ, ಆಮೇಲೆ ಕೊನೆಯದಕ್ಕೇ ಬೀಗ ಬೀಳುತ್ತೆ. ವಿಎಲ್‌ಸಿ ಅಂತ ವಿಡಿಯೊ ಓಡಿಸುವ ಪ್ರೋಗ್ರಾಂ ಇದೆ, ಅದರಲ್ಲಿ ಹಾಕಿ. ಹೆಚ್ಚಿನ ಡ್ರೈವ್‌ಗಳಲ್ಲಿ ಏನೂ ಬದಲಾಯಿಸದೆ ಓದುತ್ತೆ.

ಹಾಸನದ ಹಳೇಟಿವಿ

ಅಳೆದೆ. "ದಿ ಡೆವಿಲ್ ಇನ್ ದಿ ಡಾರ್ಕ್" ಕಂತು ತೆಗೆದುಕೊಂಡೆ, ಗಣಿಯೊಳಗೆ ಕಲ್ಲಿನಂಥ ಪ್ರಾಣಿ ಇರುವುದು. ಕಾಗದ ಪೆನ್ಸಿಲ್ ಹಿಡಿದು ಕೂತು ಎರಡೆರಡು ಸಲ ನೋಡಿದೆ.

ಡಿಸ್ಕಿನಲ್ಲಿ 10 ನಿಮಿಷಕ್ಕೆ ಬರುವ ಮಾತು ಫೋನಿನಲ್ಲಿ 10 ನಿಮಿಷ 25 ಸೆಕೆಂಡಿಗೆ ಬಂತು. 20ಕ್ಕೆ ಬರುವುದು 20:51ಕ್ಕೆ. 40ಕ್ಕೆ ಬರುವುದು 41:42ಕ್ಕೆ. ಎಲ್ಲೂ ಜಿಗಿತ ಇಲ್ಲ. ಒಂದು ಮಾತೂ ಬಿಟ್ಟುಹೋಗಿಲ್ಲ. ನೋಡಿ ಎಷ್ಟು ಸಮಾಧಾನ ಆಯಿತು ಹೇಳೋಕಾಗಲ್ಲ. ಹಾಗಾದರೆ ಇದು ಓಡುತ್ತಿರುವುದೇ ಜೋರಾಗಿ ಅಲ್ವಾ?

ರೀಲುಪೆಟ್ಟಿಗೆ

ಹೌದು. ಇದಕ್ಕೆ ಪಾಲ್ ಸ್ಪೀಡಪ್ ಅಂತಾರೆ.

ಆ ಸರಣಿ ಚಿತ್ರೀಕರಿಸಿದ್ದು 35 ಮಿಲಿಮೀಟರ್ ಫಿಲ್ಮಿನಲ್ಲಿ, ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಬ್ರಿಟನ್ನಿನ ಹಳೆಯ ಟಿವಿ ಪದ್ಧತಿ ಪಾಲ್, ನಮ್ಮದೂ ಅದೇ ಆಗಿತ್ತು. ಕರೆಂಟು 50 ಹರ್ಟ್ಸ್ ಇರುವ ಕಡೆ ಬೆಳೆದ ಪದ್ಧತಿ ಅದು, ಹಾಗಾಗಿ ಸೆಕೆಂಡಿಗೆ 25 ಫ್ರೇಮ್. 24ನ್ನು 25 ಮಾಡೋದು ಹೇಗೆ? ಎಲ್ಲಕ್ಕಿಂತ ಸುಲಭದ ದಾರಿ, ಫಿಲ್ಮನ್ನೇ ಸ್ವಲ್ಪ ಜೋರಾಗಿ ಓಡಿಸಿಬಿಡೋದು. ಶೇಕಡಾ 4ರಷ್ಟು. ನಡಿಗೆ, ಕೈ ಬೀಸೋದು, ಬಾಗಿಲು ತೆರೆಯೋದು ಇಷ್ಟು ಜೋರಾದರೆ ಕಣ್ಣಿಗೆ ಗೊತ್ತೇ ಆಗಲ್ಲ. ಕಿವಿಗೆ ಆಗುತ್ತೆ. ಯಾಕೆಂದರೆ ಶಬ್ದವೂ ಅದೇ ವೇಗದಲ್ಲಿ ಓಡುತ್ತೆ, ಕ್ಯಾಸೆಟ್ ಜೋರಾಗಿ ಓಡಿದ ಹಾಗೆ. ನಿಮ್ಮ ಮನೆಯವರಿಗೆ ಹೇಳಿ, ಅವರ ಕಿವಿ ಸರಿಯಾಗಿದೆ. ಏರಿರುವುದು ಅರ್ಧ ಮನೆಗಿಂತ (ಹಾರ್ಮೋನಿಯಂನಲ್ಲಿ ಒಂದು ಕೀಲಿಗೂ ಪಕ್ಕದ ಕೀಲಿಗೂ ಇರುವ ಅಂತರ) ಸ್ವಲ್ಪ ಕಡಿಮೆ. ಅರ್ಧ ಮನೆಯ ಮುಕ್ಕಾಲು ಪಾಲಿಗೆ ಹತ್ತಿರ.

ಅಮೆರಿಕದ ಹಳೆಯ ಪದ್ಧತಿ ಎನ್‌ಟಿಎಸ್‌ಸಿ. ಅಲ್ಲಿ ಫಿಲ್ಮನ್ನು ಜೋರು ಮಾಡಲ್ಲ, ಫ್ರೇಮುಗಳನ್ನು ಒಂದು ಲೆಕ್ಕದಲ್ಲಿ ಎರಡು ಮೂರು ಸಲ ತೋರಿಸುತ್ತಾರೆ. ಅಲ್ಲಿನ ಡಿಸ್ಕಿನಲ್ಲಿ ಧ್ವನಿ ಸರಿ ಇರುತ್ತೆ, ಕ್ಯಾಮೆರಾ ನಿಧಾನ ತಿರುಗುವಾಗ ಚಿತ್ರ ಸ್ವಲ್ಪ ತಡವರಿಸುತ್ತೆ.

ನಿಮ್ಮ ಬಾಲ್ಯದ ನೆನಪಿನ ಬಗ್ಗೆಯೂ ಒಂದು ಮಾತು. ಆಗ ನಮ್ಮ ಕಡೆ ಫಿಲ್ಮಿನಿಂದಲೇ ಪ್ರಸಾರ ಮಾಡಿದ್ದರೆ ಅದೂ 25ಕ್ಕೇ ಓಡುತ್ತಿತ್ತು. ಹಾಗಾಗಿ ನೆನಪಿನ ಜೊತೆ ಹೋಲಿಸಬೇಡಿ, ಫೋನಿನ ಜೊತೆ ಹೋಲಿಸಿ.

ಬೆಳ್ಳಿಚುಕ್ಕಿ

ರೀಲುಪೆಟ್ಟಿಗೆಯವರು ಹೇಳಿದ್ದು ಸರಿ, ಆದರೆ ಶೀರ್ಷಿಕೆ ಸಂಗೀತ ಹೋಲಿಸಬೇಡಿ. ಅಲ್ಲಿ ದಾರಿ ತಪ್ಪುತ್ತೆ.

ಫೋನಿನಲ್ಲಿ ನೀವು ನೋಡುತ್ತಿರುವುದು 2006ರಿಂದ ಹೊಸದಾಗಿ ಸಿದ್ಧಮಾಡಿದ ಆವೃತ್ತಿ. ಅದರಲ್ಲಿ ಶೀರ್ಷಿಕೆ ಸಂಗೀತವನ್ನೇ ಮತ್ತೆ ವಾದ್ಯಗಳನ್ನು ಕೂಡಿಸಿ ನುಡಿಸಿದ್ದಾರೆ, ಹಾಡಿದವರೂ ಬೇರೆ. ಸ್ವರ ಹಾಕಿದ್ದು ಅಲೆಕ್ಸಾಂಡರ್ ಕರೇಜ್, ಅದು ಬದಲಾಗಿಲ್ಲ. ಆದರೆ ಅದು ಬೇರೆ ಧ್ವನಿಮುದ್ರಣ. ಕಂತಿನ ನಡುವೆ ಬರುವ ಮಾತು, ಹಿನ್ನೆಲೆ ಸಂಗೀತ ಹೋಲಿಸಿ. ಅದು ಹಳೆಯದೇ.

ಹಡಗಿನ ಪ್ರಶ್ನೆಗೂ ಅಲ್ಲೇ ಉತ್ತರ ಇದೆ. ಹೊಸ ಆವೃತ್ತಿಯಲ್ಲಿ ಹಡಗು, ಗ್ರಹ ಎಲ್ಲ ಕಂಪ್ಯೂಟರಿನಲ್ಲಿ ಮಾಡಿದ್ದು. ನಿಮ್ಮ ಡಿಸ್ಕಿನಲ್ಲಿರುವುದು ನಿಜವಾದ ಮಾದರಿ, ಹನ್ನೊಂದು ಅಡಿ ಉದ್ದದ್ದು. ಹೆಚ್ಚುಪಾಲು ಮರದಲ್ಲಿ ಮಾಡಿದ್ದು. ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಾಯು ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯದಲ್ಲಿದೆ. ನಾನು ಅದನ್ನು ಹತ್ತಿರದಿಂದ ನೋಡಿದ್ದೇನೆ. ಗಾಜಿನ ಆಚೆ ಬೂದುಬಣ್ಣದ ಆ ದೊಡ್ಡ ತಟ್ಟೆ, ಮುಂದೆ ಎರಡು ಕೊಳವೆಗಳ ಕಿತ್ತಳೆ ಬೆಳಕು. ಅರ್ಧ ಗಂಟೆ ಅಲ್ಲೇ ನಿಂತಿದ್ದೆ.

ಧೂಳು ಯಾಕೆ ಅಂದರೆ, ಹಡಗನ್ನು ಒಂದು ಫಿಲ್ಮಿನಲ್ಲಿ, ನಕ್ಷತ್ರಗಳನ್ನು ಇನ್ನೊಂದರಲ್ಲಿ, ಗ್ರಹವನ್ನು ಮತ್ತೊಂದರಲ್ಲಿ ತೆಗೆದು, ಆಮೇಲೆ ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ಮತ್ತೆ ಫಿಲ್ಮಿಗೆ ಇಳಿಸುತ್ತಿದ್ದರು. ಪ್ರತಿ ಸಲ ನಕಲು ಮಾಡುವಾಗಲೂ ಕಾಳು ಜಾಸ್ತಿ ಆಗುತ್ತೆ, ಧೂಳು ಕೂರುತ್ತೆ. ಮನುಷ್ಯರ ದೃಶ್ಯ ಒಂದೇ ನೆಗೆಟಿವ್, ಅದಕ್ಕೇ ಚೊಕ್ಕಟ. ಅದು ಕೆಟ್ಟದ್ದಲ್ಲ ಸರ್. 1966ರಲ್ಲಿ ಕೈಯಲ್ಲಿ ಮಾಡಿದ ಕೆಲಸ ಅದು. ಟಿವಿಯ ನಾಯ್ಸ್ ರಿಡಕ್ಷನ್ ಹಾಕಿ ಅದನ್ನು ಅಳಿಸೋಕೆ ಹೋಗಬೇಡಿ, ಕಾಳಿನ ಜೊತೆ ನಕ್ಷತ್ರಗಳೂ ಹೋಗುತ್ತವೆ.

ತುಂಗಾತೀರ

ಇಷ್ಟೆಲ್ಲ ಯಾಕೆ? ಬ್ಲೂರೇ ತಗೊಳ್ಳಿ. 2009ರಿಂದ ಸಿಗುತ್ತಿದೆ. ಅದರಲ್ಲಿ ವೇಗ ಸರಿ ಇದೆ. ರಿಮೋಟಿನ ಆಂಗಲ್ ಗುಂಡಿ ಒತ್ತಿದರೆ ಹಳೆಯ ಹಡಗು, ಮತ್ತೆ ಒತ್ತಿದರೆ ಹೊಸ ಹಡಗು. ಹಳೆಯ ಮೋನೊ (ಒಂದೇ ಚಾನೆಲ್ಲಿನ) ಶಬ್ದವೂ ಇದೆ.

ಹಾಸನದ ಹಳೇಟಿವಿ

ತಗೊಳ್ಳಬಹುದು ಸರ್, ಒಂದು ದಿನ ತಗೊಳ್ಳುತ್ತೇನೆ. ಆದರೆ ಇದು ತಮ್ಮ ಅಷ್ಟು ದೂರದಿಂದ ಹೊತ್ತು ತಂದದ್ದು. ಇದನ್ನೇ ಸರಿಯಾಗಿ ನೋಡಬೇಕು ಅಂತ ಆಸೆ.

ರೀಲುಪೆಟ್ಟಿಗೆಯವರೇ, ವಿಎಲ್‌ಸಿಯಲ್ಲಿ ಹಾಕಿದೆ, ಡಿಸ್ಕ್ ಓದಿತು. ಕೆಳಗಿನ ಪಟ್ಟಿಯಲ್ಲಿ ವೇಗ ಕಡಿಮೆ ಮಾಡಿದೆ. ಕಂತಿನ ಉದ್ದ ಸರಿಹೋಯಿತು, ಮಾತು ನಿಧಾನ ಆಯಿತು. ಆದರೆ ಶ್ರುತಿ ಹಾಗೇ ಇದೆ! ಮನೆಯವರು ತಂಬೂರಿ ಆಪ್ ಹಿಡಿದುಕೊಂಡು ಪಕ್ಕದಲ್ಲೇ ಕೂತಿದ್ದರು, ಒಂಚೂರೂ ಇಳಿದಿಲ್ಲ ಅಂದರು. ಅದರ ಮೇಲೆ ಮಾತಿನ ಕೊನೆಯಲ್ಲಿ ಒಂದು ಥರ ನಡುಗುತ್ತೆ.

ರೀಲುಪೆಟ್ಟಿಗೆ

ಅದು ವಿಎಲ್‌ಸಿ ಬೇಕಂತಲೇ ಮಾಡೋದು. ಪಾಠದ ವಿಡಿಯೊ ಜೋರಾಗಿ ಓಡಿಸಿದರೂ ಮೇಷ್ಟ್ರ ಧ್ವನಿ ಕೀರಲಾಗದೆ ಇರುತ್ತಲ್ಲ, ಅದೇ ಸೌಲಭ್ಯ ಇಲ್ಲಿ ಅಡ್ಡ ಬರುತ್ತಿದೆ. ನಿಮಗೆ ಬೇಕಾಗಿರುವುದು ಅದರ ಉಲ್ಟಾ. ವೇಗದ ಜೊತೆ ಶ್ರುತಿಯೂ ಇಳಿಯಬೇಕು.

ಟೂಲ್ಸ್‌ಗೆ ಹೋಗಿ, ಪ್ರಿಫರೆನ್ಸಸ್ ತೆರೆಯಿರಿ. ಎಡಗಡೆ ಕೆಳಗೆ ಶೋ ಸೆಟ್ಟಿಂಗ್ಸ್ ಅಂತ ಇರುತ್ತೆ, ಅಲ್ಲಿ "ಆಲ್" ಒತ್ತಿ. ಈಗ ಆಡಿಯೊ ವಿಭಾಗದಲ್ಲಿ "ಎನೇಬಲ್ ಟೈಮ್ ಸ್ಟ್ರೆಚಿಂಗ್ ಆಡಿಯೊ" ಅಂತ ಇದೆ, ಅದರ ಟಿಕ್ ತೆಗೆಯಿರಿ. ಆಮೇಲೆ ಇನ್‌ಪುಟ್ ಕೋಡೆಕ್ಸ್ ವಿಭಾಗದಲ್ಲಿ ಪ್ಲೇಬ್ಯಾಕ್ ಸ್ಪೀಡ್ ಜಾಗದಲ್ಲಿ 0.96 ಬರೆಯಿರಿ. ಕೆಳಗಿನ ಪಟ್ಟಿಯನ್ನು ಎಳೆದು ಅಷ್ಟು ಸರಿಯಾಗಿ ನಿಲ್ಲಿಸೋದು ಕಷ್ಟ. ಸೇವ್ ಮಾಡಿ, ವಿಎಲ್‌ಸಿ ಮುಚ್ಚಿ, ಮತ್ತೆ ತೆರೆಯಿರಿ. 0.96 ಎಲ್ಲಿಂದ ಬಂತು ಅಂದರೆ 24ನ್ನು 25ರಿಂದ ಭಾಗಿಸಿ, ಅಷ್ಟೇ. ಫೋನಿನಲ್ಲಿ ಓಡುವುದು 23.976 ಫ್ರೇಮ್, ಹಾಗಾಗಿ ಕಂತಿನ ಕೊನೆಗೆ ಎರಡು ಮೂರು ಸೆಕೆಂಡ್ ಹೆಚ್ಚುಕಮ್ಮಿ ಬರುತ್ತೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಫಿಲ್ಮ್ ಓಡಿದ ನಿಜವಾದ ವೇಗ 24.

ಬೇರೆ ವಿಡಿಯೊ ನೋಡುವ ಮೊದಲು ಅದನ್ನು ಮತ್ತೆ 1 ಮಾಡೋದು ಮರೆಯಬೇಡಿ, ಇಲ್ಲದಿದ್ದರೆ ಎಲ್ಲವೂ ನಿಧಾನ ಆಗುತ್ತೆ.

ಎಂಪಿವಿ ಅನ್ನುವ ಇನ್ನೊಂದು ಪ್ಲೇಯರ್ ಬಳಸುವವರಿಗೆ ಇನ್ನೂ ಸುಲಭ. ಅಲ್ಲಿ ಸ್ಪೀಡ್ 0.96 ಕೊಟ್ಟು, ಆಡಿಯೊ ಪಿಚ್ ಕರೆಕ್ಷನ್ "ನೋ" ಮಾಡಿದರೆ ಸಾಕು.

ಹಾಸನದ ಹಳೇಟಿವಿ

ಲ್ಯಾಪ್‌ಟಾಪ್‌ನ ಸ್ಪೀಕರಿನಲ್ಲಿ ಸರಿಹೋಯಿತು! ಆದರೆ ಎಚ್‌ಡಿಎಂಐ ಕೇಬಲ್ ಹಾಕಿ ಟಿವಿಗೆ, ಅಲ್ಲಿಂದ ಹೋಂ ಥಿಯೇಟರಿಗೆ ಕೊಟ್ಟರೆ ಶಬ್ದ ತುಂಡು ತುಂಡಾಗಿ ಬರುತ್ತೆ. ಚಿತ್ರದಲ್ಲಿ ಎಲ್ಲರೂ ದಪ್ಪ ದಪ್ಪ ಕಾಣುತ್ತಿದ್ದಾರೆ ಬೇರೆ.

ಬೆಳ್ಳಿಚುಕ್ಕಿ

ವಿಎಲ್‌ಸಿ ಆಡಿಯೊದಲ್ಲಿ ಎಚ್‌ಡಿಎಂಐ ಪಾಸ್‌ಥ್ರೂ ಅಂತ ಇರುತ್ತೆ, ಆಫ್ ಮಾಡಿ. ಅದು ಆನ್ ಇದ್ದರೆ ಡಾಲ್ಬಿ ಶಬ್ದ ಬಿಚ್ಚದ ಗಂಟಿನ ಹಾಗೆ ನೇರ ಆ ಕಡೆ ಹೋಗುತ್ತೆ. ವಿಎಲ್‌ಸಿ ಕೈಯಲ್ಲಿ ಅದರ ವೇಗ ಬದಲಾಯಿಸೋಕೆ ಆಗಲ್ಲ. ಸ್ಟೀರಿಯೊ ಕೊಡಿ. ಈ ಸರಣಿಯ ಮೂಲ ಶಬ್ದ ಮೋನೊ, ನಿಮಗೆ ಏನೂ ನಷ್ಟ ಇಲ್ಲ.

ದಪ್ಪ ಕಾಣೋದು ಟಿವಿ ಚಿತ್ರವನ್ನು ಎಳೆಯುತ್ತಿರುವುದರಿಂದ. ಇದು 4:3 ಅಳತೆಯ ಚಿತ್ರ. ಎರಡೂ ಬದಿಯಲ್ಲಿ ಕಪ್ಪು ಪಟ್ಟಿ ಬರಲೇಬೇಕು, ಬರಲಿ ಬಿಡಿ. ಹಾಗೇ ಟಿವಿ ಸೆಟ್ಟಿಂಗಿನಲ್ಲಿ ಮೋಷನ್ ಸ್ಮೂದಿಂಗ್ ಥರದ್ದು ಏನಿದ್ದರೂ ಆಫ್ ಮಾಡಿ. ಒಂದೊಂದು ಟಿವಿಯಲ್ಲಿ ಒಂದೊಂದು ಹೆಸರು ಇರುತ್ತೆ. ಅದು ಇಲ್ಲದ ಫ್ರೇಮುಗಳನ್ನು ತಾನೇ ಹುಟ್ಟಿಸಿ ಸೇರಿಸುತ್ತೆ, ಫಿಲ್ಮಿನಲ್ಲಿ ತೆಗೆದದ್ದು ಇವತ್ತಿನ ಧಾರಾವಾಹಿ ಥರ ಕಾಣೋದು ಅದರಿಂದಲೇ.

ಗಣಿತಮೇಷ್ಟ್ರು

ಇದೇ ತೊಂದರೆ ಇರುವ ಬೇರೆಯವರಿಗೆ ಒಂದು ಸೂಚನೆ. ಪಾಲ್ ಡಿಸ್ಕ್ ಅಂದ ಕೂಡಲೇ 0.96 ಹಾಕಬೇಡಿ. ನಂತರದ ಸರಣಿ, ಅಂದರೆ ಕ್ಯಾಪ್ಟನ್ ಪಿಕಾರ್ಡ್ ಇರುವುದು, ಫಿಲ್ಮಿನಲ್ಲೇ ತೆಗೆದರೂ ಎಡಿಟ್ ಮಾಡಿದ್ದು ಎನ್‌ಟಿಎಸ್‌ಸಿ ವಿಡಿಯೊ ಟೇಪಿನಲ್ಲಿ. ಅಂಥದ್ದನ್ನು ಪಾಲ್‌ಗೆ ತರುವಾಗ ವೇಗ ಏರಿಸದೆ ಫ್ರೇಮುಗಳನ್ನು ಬೆರೆಸಿ ಪರಿವರ್ತನೆ ಮಾಡಿರಬಹುದು. ಆಗ ಚಿತ್ರ ನಿಲ್ಲಿಸಿ ನೋಡಿದರೆ ಓಡುವ ಮನುಷ್ಯನ ಪಕ್ಕದಲ್ಲಿ ಅವನದೇ ಮಸುಕು ನೆರಳು ಕಾಣುತ್ತೆ, ಕಂತಿನ ಉದ್ದ ಮಾತ್ರ ಸರಿ ಇರುತ್ತೆ. ಅದನ್ನು ನಿಧಾನ ಮಾಡಿದರೆ ಚೆನ್ನಾಗಿದ್ದ ಧ್ವನಿಯನ್ನು ಕೆಡಿಸಿದ ಹಾಗೆ. ಮೊದಲು ಉದ್ದ ಅಳೆಯಿರಿ, ಇಲ್ಲಿ ಇವರು ಮಾಡಿದ ಹಾಗೆ.

ಹಾಸನದ ಹಳೇಟಿವಿ

ಎಲ್ಲ ಸರಿಹೋಯಿತು. ಪಾಸ್‌ಥ್ರೂ ತೆಗೆದೆ, ಶಬ್ದ ತುಂಡಾಗೋದು ನಿಂತಿತು. ಪಕ್ಕದಲ್ಲಿ ಕಪ್ಪು ಪಟ್ಟಿ ಬಂತು, ಎಲ್ಲರೂ ತಮ್ಮ ತಮ್ಮ ಮೈಕಟ್ಟಿಗೆ ಬಂದರು.

ನಿನ್ನೆ ರಾತ್ರಿ ಅದೇ ಗಣಿಯ ಕಂತು ಮತ್ತೆ ಹಾಕಿದೆವು. ಸ್ಪಾಕ್ ಆ ಕಲ್ಲಿನ ಪ್ರಾಣಿಯ ಮೈಮೇಲೆ ಕೈ ಇಟ್ಟು, ಅದರ ನೋವನ್ನು ತನ್ನ ಬಾಯಲ್ಲಿ ಹೇಳುವ ಜಾಗ ಇದೆಯಲ್ಲ, ಅಲ್ಲಿ ನಾನು ರಿಮೋಟ್ ಕೆಳಗಿಟ್ಟೆ. ಅದೇ ಧ್ವನಿ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಸಿರು ತೆಗೆದುಕೊಳ್ಳೋದು ಕೇಳಿಸುತ್ತೆ. ಮೊದಲು ನೋಡಿದಾಗ ಆ ಜಾಗ ಸರಸರ ಮುಗಿದುಹೋಗಿತ್ತು.

ಮನೆಯವರು ತಂಬೂರಿ ಆಪ್ ಹಚ್ಚಿ, ಫೋನಿನ ಕಂತಿನ ಹಿನ್ನೆಲೆ ಸಂಗೀತಕ್ಕೆ ಶ್ರುತಿ ಮಾಡಿಕೊಂಡು, ಆಮೇಲೆ ಡಿಸ್ಕಿನದಕ್ಕೆ ಹಿಡಿದರು. ಕೂಡಿತು ಅಂದರು. ತಮ್ಮನಿಗೂ ರಾತ್ರಿಯೇ ಫೋನ್ ಮಾಡಿ ಹೇಳಿದೆ.

ಇನ್ನು 78 ಕಂತು ಬಾಕಿ. ಶೀರ್ಷಿಕೆಗೆ "ಬಗೆಹರಿದಿದೆ" ಅಂತ ಸೇರಿಸುತ್ತಿದ್ದೇನೆ.