ಪದಚರ್ಚೆ: ‘ಊಹೆ’ಯೋ ‘ಗೃಹೀತ’ವೋ?

ಪ್ರಶ್ನೆ: ಗ್ರಾಮೀಣ ಬ್ಯಾಂಕ್ ಪರೀಕ್ಷೆ 2019ರಿಂದ ಕನ್ನಡದಲ್ಲೂ ಇದೆ. ಮುಂಬಯಿಯ ಕನ್ನಡ ಮಕ್ಕಳ ಅಭ್ಯಾಸಕ್ಕೆ ತರ್ಕದ ಪ್ರಶ್ನೆಗಳನ್ನು ಬರೆಯುವಾಗ ಅಸಂಪ್ಶನ್, ಇನ್‌ಫರೆನ್ಸ್ ಎರಡಕ್ಕೂ ‘ಊಹೆ’ ಎಂದರೆ ನಡೆದೀತೆ? ಉತ್ತರದಲ್ಲಿ ‘ಕೆಲವು’, ‘ಎಲ್ಲ’ ಹೇಗಿರಬೇಕು?

ಉತ್ತರ: ನಡೆಯದು. ಅಸಂಪ್ಶನ್ ಹೇಳಿಕೆಯ ಬುಡದಲ್ಲಿರುವುದು, ಇನ್‌ಫರೆನ್ಸ್ ಹೇಳಿಕೆಯಿಂದ ಹೊರಡುವುದು. ‘ಭಾನುವಾರ ಮೆಗಾ ಬ್ಲಾಕ್ (ಹಳಿ ದುರಸ್ತಿಗೆ ಲೋಕಲ್ ರೈಲುಗಳಿಗೆ ತಡೆ), ಬಸ್ಸಿನಲ್ಲಿ ಬನ್ನಿ’ ಎಂಬ ಮಾತಿನಲ್ಲಿ ‘ಆ ದಿನ ಬಸ್ಸು ಓಡುತ್ತದೆ’ ಎಂಬುದು ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡ ಸಂಗತಿ. ಅದನ್ನು ಉಲ್ಟಾ ಮಾಡಿ ನೋಡಿ: ಬಸ್ಸೇ ಇಲ್ಲವೆಂದರೆ ಸಲಹೆ ಬಿದ್ದುಹೋಗುತ್ತದೆ. ‘ಬಸ್ಸು ಅಗ್ಗ’ ಎಂಬುದನ್ನು ಉಲ್ಟಾ ಮಾಡಿದರೆ ಸಲಹೆಗೆ ಏನೂ ಆಗದು, ಹಾಗಾಗಿ ಅದು ಅಸಂಪ್ಶನ್ ಅಲ್ಲ. ಇದಕ್ಕೆ ‘ಗೃಹೀತ’ ಒಳ್ಳೆಯ ಪದ; ಮರಾಠಿಯ ‘ಗೃಹೀತ ಧರಣೆ’ ಇಲ್ಲಿನ ಮಕ್ಕಳ ಕಿವಿಗೆ ಹೊಸದಲ್ಲ. ಆದರೆ ಅದೇ ಧೈರ್ಯದಲ್ಲಿ ಇನ್‌ಫರೆನ್ಸ್‌ಗೆ ಮರಾಠಿಯಂತೆ ‘ಅನುಮಾನ’ ಎನ್ನಬೇಡಿ. ತರ್ಕಶಾಸ್ತ್ರದಲ್ಲಿ ಸರಿಯಿದ್ದರೂ ಕನ್ನಡದ ಮನೆಮಾತಿನಲ್ಲಿ ಅನುಮಾನವೆಂದರೆ ಸಂಶಯ. ‘ತೀರ್ಮಾನ’ ಸಾಕು.

ಇಂಗ್ಲಿಷಿನ ‘ಫಾಲೋಸ್’ ಅನ್ನು ಪದಕ್ಕೆ ಪದ ಇಳಿಸಿ ‘ತೀರ್ಮಾನ 1 ಮಾತ್ರ ಅನುಸರಿಸುತ್ತದೆ’ ಎಂದು ಅಚ್ಚಾಗುವುದುಂಟು. ಯಾರನ್ನು ಅನುಸರಿಸುತ್ತದೆ? ‘ತೀರ್ಮಾನ 1 ಮಾತ್ರ ಹೊರಡುತ್ತದೆ’ ಎನ್ನಿ.

ನಿಜವಾದ ತೊಡಕು ‘ಎಲ್ಲ’ ಮತ್ತು ‘ಇಲ್ಲ’ ಒಂದೇ ವಾಕ್ಯದಲ್ಲಿ ಕೂಡಿದಾಗ. ‘ಎಲ್ಲ ಲೋಕಲ್‌ಗಳೂ ಮಾಟುಂಗದಲ್ಲಿ ನಿಲ್ಲುವುದಿಲ್ಲ’ ಎಂದರೆ ಒಬ್ಬರಿಗೆ ‘ಫಾಸ್ಟ್ ನಿಲ್ಲದು, ಸ್ಲೋ ನಿಲ್ಲುತ್ತದೆ’, ಇನ್ನೊಬ್ಬರಿಗೆ ‘ಒಂದೂ ನಿಲ್ಲದು’. ಮಾತಿನಲ್ಲಾದರೆ ದನಿಯ ಏರಿಳಿತ ಬಿಡಿಸಿಹೇಳುತ್ತದೆ, ಪ್ರಶ್ನೆಪತ್ರಿಕೆಗೆ ದನಿಯಿಲ್ಲ. ಒಂದೂ ಇಲ್ಲವೆನ್ನಲು ‘ಯಾವ ಲೋಕಲ್ಲೂ ನಿಲ್ಲುವುದಿಲ್ಲ’, ಉಳಿದದ್ದಕ್ಕೆ ‘ಕೆಲವು ಲೋಕಲ್‌ಗಳು ನಿಲ್ಲುವುದಿಲ್ಲ’ ಎಂದೇ ಬರೆಯಿರಿ.

ಆಗ ‘ಕೆಲವು’ ಕಾಡುತ್ತದೆ. ನಾವು ‘ಕೆಲವು ವಡೆ ಬಿಸಿ’ ಎಂದರೆ ಉಳಿದವು ಆರಿವೆ ಎಂದು ಕೇಳುವವರು ತಿಳಿಯುತ್ತಾರೆ. ತರ್ಕದಲ್ಲಿ ‘ಕೆಲವು’ ಎಂದರೆ ಕನಿಷ್ಠ ಒಂದು, ಎಲ್ಲವೂ ಬಿಸಿಯಿರಬಹುದು. ಆದ್ದರಿಂದ ‘ಕೆಲವು ವಡೆ ಬಿಸಿಯಲ್ಲ’ ಎಂಬ ತೀರ್ಮಾನ ಅದರಿಂದ ಹೊರಡದು. ಬ್ಯಾಂಕ್ ಪರೀಕ್ಷೆಯ ‘ಓನ್ಲಿ ಎ ಫ್ಯೂ’ ಬೇರೆ: ಕೆಲವು ಹೌದು, ಕೆಲವು ಅಲ್ಲ, ಎರಡೂ ಖಚಿತ. ಅದಕ್ಕೆ ನಮ್ಮ ‘ಕೆಲವೇ’ ಸರಿಹೊಂದುತ್ತದೆ; ಆ ಏಕಾರವನ್ನು ಮಾತ್ರ ಪ್ರೂಫ್‌ನಲ್ಲಿ ಕಳೆಯಬೇಡಿ, ಉತ್ತರವೇ ಬದಲಾದೀತು.